'ಬ್ಯಾಕಪ್ ಆಯ್ತು' ಎನ್ನುವ ಸ್ಕ್ರಿಪ್ಟ್ ನಂಬಬಹುದೇ? ಮೊದಲು ಈ ಸಂಖ್ಯೆ ನೋಡಿ
ದೂರದ ಸರ್ವರ್‌ಗೆ ಪ್ರತಿ ರಾತ್ರಿ ಫೈಲ್ ನಕಲಿಸುವ ಶೆಲ್ ಸ್ಕ್ರಿಪ್ಟ್ 'ಬ್ಯಾಕಪ್ ಮುಗಿಯಿತು' ಎಂದು ತೋರಿಸಿದರೂ ಫೈಲ್‌ಗಳು ತಲುಪಿರದೇ ಇರಬಹುದು. 1996ರಲ್ಲಿ ಬಂದ ಆರ್‌ಸಿಂಕ್ ಕೆಲಸ ಮುಗಿಸುವಾಗ ಒಂದು ಸಂಖ್ಯೆ ಕೊಡುತ್ತದೆ. 0 ಎಂದರೆ ಯಶಸ್ಸು. 23 ಎಂದರೆ ಕೆಲವು ಫೈಲ್ ಹೋಗಿಲ್ಲ. 24 ಎಂದರೆ ನಕಲಿಸುವಷ್ಟರಲ್ಲಿ ಮೂಲ ಫೈಲ್ ಕಾಣೆಯಾಗಿದೆ. 255 ಬಂದರೆ ಸಾಮಾನ್ಯವಾಗಿ ಎಸ್‌ಎಸ್‌ಎಚ್ ಸಂಪರ್ಕದ ತೊಂದರೆ.

ಈ ಸಂಖ್ಯೆಯನ್ನು ಆರ್‌ಸಿಂಕ್ ಆದ ಕೂಡಲೇ, ಮುಂದಿನ ಸಾಲಿನಲ್ಲೇ ಉಳಿಸಿಕೊಳ್ಳಬೇಕು. ನಡುವೆ ಒಂದು 'ಎಕೋ' ಬಂದರೂ ಅದರ 0 ಸಿಗುತ್ತದೆ, ನಿಜವಾದ ದೋಷ ಮುಚ್ಚಿಹೋಗುತ್ತದೆ.

ಕೈಯಿಂದ ಓಡಿಸಿದಾಗ ಸರಿಯಿದ್ದು ಕ್ರಾನ್‌ನಲ್ಲಿ ಕೈಕೊಟ್ಟರೆ, ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುತ್ತಿದೆಯೇ ಪರೀಕ್ಷಿಸಿ. ಮಧ್ಯರಾತ್ರಿ ಅದನ್ನು ಟೈಪ್ ಮಾಡಲು ಯಾರೂ ಇರುವುದಿಲ್ಲ.

ಎಲ್ಲ ಸರಿಯಾದ ಮೇಲೂ ಆಗಾಗ ಒಂದು ಫೈಲ್ ಮರಳಿ ತರಿಸಿ, ತೆರೆದು ನೋಡಿ.