ಹೆಸರು ಕೇಳದ ಬ್ರ್ಯಾಂಡಿನ ಹಳೇ ಟ್ಯೂಬಾ ಕೊಳ್ತಿದ್ದೀರಾ?

ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಒಬ್ಬರು ದೊಡ್ಡ ಹಿತ್ತಾಳೆ ವಾದ್ಯವನ್ನು ಮಗುವಿನ ಹಾಗೆ ತಬ್ಬಿಕೊಂಡು ‘ಭೋಂ ಭೋಂ’ ಅನ್ನಿಸ್ತಿರ್ತಾರಲ್ಲ, ಅದೇ ಟ್ಯೂಬಾ. 1835ರಲ್ಲಿ ಪ್ರಷ್ಯಾದಲ್ಲಿ ಪೇಟೆಂಟ್ ಪಡೆದ ವಾದ್ಯ. ದೊಡ್ಡ ಬಿ-ಫ್ಲ್ಯಾಟ್ ಟ್ಯೂಬಾದ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 18 ಅಡಿ! ಹೆಸರಾಂತ ಕಂಪನಿಯ ಹೊಸ ಟ್ಯೂಬಾ ಲಕ್ಷಗಳ ಬಾಬತ್ತು. ಹಾಗಾಗಿ ಕಾಲೇಜು ಬ್ಯಾಂಡು, ಚರ್ಚ್ ಬ್ಯಾಂಡು ಸೇರಿದವರ ಕಣ್ಣು ಸಹಜವಾಗಿ ಸೆಕೆಂಡ್ ಹ್ಯಾಂಡ್ ಕಡೆ ಹೊರಳುತ್ತದೆ. ಅಲ್ಲಿ ಸಿಗೋದು ಹೆಚ್ಚಾಗಿ ನೀವು ಕೇಳೇ ಇರದ ಹೆಸರುಗಳು.

ಹೆಸರು ಗೊತ್ತಿಲ್ಲ ಅಂದಾಕ್ಷಣ ಕಳಪೆ ಅಂದುಕೊಳ್ಳಬೇಡಿ. ಯಮಹಾ ಗೊತ್ತಿರುವ ನಮ್ಮಲ್ಲಿ ‘ಚೆರ್ವೆನಿ’ ಎಷ್ಟು ಜನಕ್ಕೆ ಗೊತ್ತು? ಅದು ಈಗಿನ ಚೆಕ್ ದೇಶದಲ್ಲಿ 1842ರಲ್ಲೇ ಶುರುವಾದ ಕಾರ್ಖಾನೆ. ಇನ್ನು, ಒಂದು ಕಾರ್ಖಾನೆ ತಯಾರಿಸಿದ ವಾದ್ಯದ ಮೇಲೆ ಅಂಗಡಿಯವರು ತಮ್ಮ ಹೆಸರು ಕೆತ್ತಿಸಿ ಮಾರುವುದೂ ಹಳೇ ರೂಢಿ. ಅಂದ್ರೆ ಹೆಸರು ನೋಡಿ ಒಳ್ಳೇದು, ಕೆಟ್ಟದ್ದು ಹೇಳೋಕಾಗಲ್ಲ. ವಾದ್ಯವನ್ನೇ ಕೇಳಬೇಕು.

ಮೊದಲು ವಾಲ್ವ್. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ. ವಾಲ್ವ್ ಒತ್ತದೆ, ಅದರ ಸ್ಲೈಡನ್ನು ಒಂದಿಂಚು ಹೊರಗೆಳೆಯಿರಿ. ಐದಾರು ಸೆಕೆಂಡ್ ಬಿಟ್ಟು ವಾಲ್ವ್ ಒತ್ತಿ. ‘ಟಪ್’ ಅಂತ ಸದ್ದು ಬಂದರೆ ಗಾಳಿ ಸೋರುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಪಿಸ್ಟನ್ ಸವೆದಿರಬಹುದು. ಒಂದೊಂದು ವಾಲ್ವಿಗೂ ಹೀಗೆ ಮಾಡಿ. ಒಂದು ಕಿವಿಮಾತು: ದಪ್ಪ ಎಣ್ಣೆ ಹಾಕಿದ್ದರೆ ಸವೆದ ವಾಲ್ವ್ ಕೂಡ ‘ಟಪ್’ ಅಂದುಬಿಡುತ್ತದೆ. ಪಿಸ್ಟನ್ ವಾದ್ಯವಾದರೆ ಬಿಚ್ಚಿಸಿ, ಒರೆಸಿ, ತೆಳು ಎಣ್ಣೆ ಹಾಕಿ ಇನ್ನೊಮ್ಮೆ ನೋಡಿ. ಸವೆದ ಪಿಸ್ಟನ್ನಿಗೆ ಮತ್ತೆ ಲೇಪ ಹಾಕಿಸಿ ಕೂರಿಸುವುದು ನಾಜೂಕಿನ ಕೆಲಸ. ಅದರ ಖರ್ಚು ಅಗ್ಗದ ಟ್ಯೂಬಾದ ಬೆಲೆಯನ್ನೇ ಮೀರಬಹುದು.

ಸ್ಲೈಡ್ ಅಲುಗದಿದ್ದರೆ ಜೋರು ಮಾಡಬೇಡಿ, ಬೆಸುಗೆ ಕಿತ್ತುಬಂದೀತು. ರಿಪೇರಿ ಮಾಡುವವರು ಬಿಡಿಸಿಕೊಡ್ತಾರೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಆಮೇಲೆ ಶ್ರುತಿ. ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿಕೊಂಡು ಹೋಗಿ, 440ಕ್ಕೆ ಇಡಿ. ಹತ್ತು ನಿಮಿಷ ಊದಿ ವಾದ್ಯ ಬೆಚ್ಚಗಾಗಲಿ, ತಣ್ಣಗಿದ್ದಾಗ ಶ್ರುತಿ ಇಳಿದಿರುತ್ತದೆ. ಹಳೇ ಬ್ರಿಟಿಷ್ ವಾದ್ಯವಾದರೆ ವಿಶೇಷ ಎಚ್ಚರ ಬೇಕು. ಅಲ್ಲಿನ ಬ್ರಾಸ್ ಬ್ಯಾಂಡುಗಳು 1960ರ ದಶಕದವರೆಗೂ ಸುಮಾರು 452ರ ಏರುಶ್ರುತಿಯಲ್ಲಿ ನುಡಿಸುತ್ತಿದ್ದವು. ಈಗಿನದಕ್ಕಿಂತ ಹೆಚ್ಚುಕಡಿಮೆ ಅರ್ಧ ಸೆಮಿಟೋನ್ ಮೇಲೆ. ಮುಖ್ಯ ಸ್ಲೈಡ್ ಪೂರ್ತಿ ಎಳೆದರೂ ಮುಳ್ಳು ಕೆಳಗಿಳಿಯದಿದ್ದರೆ ಎದ್ದು ಬನ್ನಿ. ಒಬ್ಬರೇ ಮನೇಲಿ ಊದಿಕೊಳ್ಳೋಕೆ ಚೆನ್ನಾಗಿರಬಹುದು, ಕೀಬೋರ್ಡ್ ಜೊತೆ ಕೂತರೆ ಜಗಳವೇ.

ಬಾಯಗಲದ ತುದಿಯಲ್ಲಿರುವ ತಗ್ಗುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಮೌತ್‌ಪೀಸ್‌ನಿಂದ ವಾಲ್ವ್‌ವರೆಗಿನ ಸಣ್ಣ ಕೊಳವೆಯಲ್ಲಿದ್ದರೆ ಮಾತ್ರ ಯೋಚಿಸಿ. ಅಲ್ಲೇ ಗುಲಾಬಿಗೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯೊಳಗಿನ ಸತು ಕರಗಿ, ಲೋಹ ಟೊಳ್ಳಾಗುತ್ತಿದೆ ಎಂದರ್ಥ. ಲ್ಯಾಕರ್ ಎದ್ದಿರೋದು ಬರೀ ಅಂದದ ವಿಷಯ. ಫಳಫಳ ಹೊಳೆಯುವ ಹಳೇ ಟ್ಯೂಬಾ ಕಂಡರೇ ನನಗೆ ಅನುಮಾನ ಜಾಸ್ತಿ. ಪದೇ ಪದೇ ಉಜ್ಜಿ ಪಾಲಿಶ್ ಮಾಡಿದರೆ ತಗಡು ತೆಳುವಾಗುತ್ತದೆ.

ನಾಲ್ಕನೇ ವಾಲ್ವ್ ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಕೆಳಗಿನ ಸ್ವರಗಳ ಶ್ರುತಿ ಸರಿಹೋಗುತ್ತದೆ. ಮೌತ್‌ಪೀಸ್ ಜೊತೆಗೇ ಕೇಳಿ. ಅದರ ಬುಡದ ಅಳತೆ ಎಲ್ಲ ಟ್ಯೂಬಾಗಳಿಗೂ ಒಂದೇ ಅಲ್ಲ, ಆನ್‌ಲೈನ್‌ನಲ್ಲಿ ತರಿಸಿದ್ದು ನಿಮ್ಮದಕ್ಕೆ ಕೂರದೇ ಇರಬಹುದು. ಹಾಂ, ಕಾರಿನಲ್ಲೇ ಹೋಗಿ. ಬೈಕಲ್ಲಿ ತರುವ ಸಾಮಾನಲ್ಲ ಇದು.