ಮಣ್ಣು ಎಷ್ಟನ್ನು ಅರಗಿಸಿಕೊಂಡೀತು?

ಬಚ್ಚಲ ನೀರು ಹರಿಯುವ ಕಡೆ ಬಾಳೆಯನ್ನೋ ಕೆಸುವನ್ನೋ ನೆಡುವುದು ಹಳ್ಳಿ ಮನೆಗಳ ಹಿತ್ತಿಲಲ್ಲಿ ಹಿಂದಿನಿಂದ ಬಂದ ರೂಢಿ. ನೀರು ಇಂಗುತ್ತದೆ, ಗಿಡ ಸೊಂಪಾಗಿ ಬೆಳೆಯುತ್ತದೆ. ಕಾರ್ಖಾನೆಯ ತ್ಯಾಜ್ಯ ನೀರನ್ನು ಹೊಲಕ್ಕೆ ಹಾಯಿಸಿ ಶುದ್ಧಗೊಳಿಸುವ ವಿಧಾನದ ತಳಹದಿಯೂ ಇದೇ. ಆದರೆ ಬಚ್ಚಲಿನ ನಾಲ್ಕು ಕೊಡ ನೀರಿಗೂ ಕಾರ್ಖಾನೆಯ ಲಕ್ಷಗಟ್ಟಲೆ ಲೀಟರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ.

ಮಣ್ಣಿನ ಮೇಲ್ಪದರದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನೀರಿನಲ್ಲಿರುವ ಸಕ್ಕರೆ, ಪಿಷ್ಟ, ಕೊಬ್ಬಿನಂಥ ಸಾವಯವ ವಸ್ತುಗಳನ್ನು ಅವು ತಿಂದು ಮುಗಿಸುತ್ತವೆ. ಈ ಕೆಲಸಕ್ಕೆ ಗಾಳಿ ಬೇಕು. ಆದ್ದರಿಂದ ಒಮ್ಮೆ ನೀರು ಹಾಯಿಸಿದ ನೆಲಕ್ಕೆ ಒಣಗಲು ಬಿಡುವು ಕೊಡಬೇಕು. 1870ರ ಸುಮಾರಿಗೇ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಇದನ್ನು ಪ್ರಯೋಗದಿಂದ ತೋರಿಸಿದ್ದರು. ಅದೇ ದಶಕದಲ್ಲಿ ಬರ್ಲಿನ್ ನಗರ, ಎಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ಅವರ ಯೋಜನೆಯಂತೆ, ಊರಿನ ಹೊರಗೆ ಜಮೀನು ಕೊಂಡು ಚರಂಡಿ ನೀರನ್ನು ಅಲ್ಲಿಗೆ ಹರಿಸತೊಡಗಿತು. ಸುಮಾರು ನೂರು ವರ್ಷ ಆ ಹೊಲಗಳು ನಗರದ ಕೊಳೆಯನ್ನು ನುಂಗಿದವು. ಚರಂಡಿಗೆ ಕಾರ್ಖಾನೆಗಳ ನೀರೂ ಸೇರುತ್ತಿತ್ತು. ಕೊನೆಗೆ ಪರೀಕ್ಷಿಸಿದಾಗ ಆ ಮಣ್ಣಿನಲ್ಲಿ ಭಾರಲೋಹಗಳು ಶೇಖರಗೊಂಡಿದ್ದವು. ಸೂಕ್ಷ್ಮಜೀವಿಗೆ ಸಕ್ಕರೆ ಆಹಾರ. ಸೀಸ, ಕ್ಯಾಡ್ಮಿಯಂ ಆಹಾರವಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಕಬ್ಬಿನ ಸೀಮೆಗಳಿಗೆ ಚೆನ್ನಾಗಿ ಗೊತ್ತು. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುಳಿಸಿ ಮದ್ಯಸಾರ ಬಟ್ಟಿ ಇಳಿಸಿದ ಮೇಲೆ ಉಳಿಯುವ ಕಡುಕಂದು ದ್ರವಕ್ಕೆ ‘ಸ್ಪೆಂಟ್ ವಾಶ್’ ಎಂದು ಹೆಸರು. ಒಂದು ಲೀಟರ್ ಮದ್ಯಸಾರಕ್ಕೆ 8ರಿಂದ 15 ಲೀಟರಿನಷ್ಟು ಇದು ಹೊರಬರುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಷ್ಟು ಕಬಳಿಸುತ್ತದೆ ಎಂಬುದರ ಅಳತೆ ಬಿ.ಓ.ಡಿ. ಊರಿನ ಚರಂಡಿ ನೀರಿನಲ್ಲಿ ಅದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಇದ್ದರೆ, ಸಂಸ್ಕರಿಸದ ಸ್ಪೆಂಟ್ ವಾಶ್‌ನಲ್ಲಿ 40,000 ದಾಟುತ್ತದೆ. ಹೊಳೆಗೆ ಬಿಟ್ಟರೆ ಮೀನು ಸಾಯುತ್ತವೆ, ಜನ ಗಲಾಟೆ ಮಾಡುತ್ತಾರೆ. ನೆಲಕ್ಕೆ ಬಿಟ್ಟರೆ ಕೂಡಲೇ ಏನೂ ಕಾಣುವುದಿಲ್ಲ. ಮೇಲಾಗಿ ಅದರಲ್ಲಿ ಪೊಟ್ಯಾಷ್ ಧಾರಾಳವಾಗಿದೆ. ಹದವರಿತು ಹಾಕಿದರೆ ಕಬ್ಬಿಗೆ ಗೊಬ್ಬರವೆಂಬುದು ಸುಳ್ಳಲ್ಲ. ಆದರೆ ಹದವರಿತು ಹಾಕುವವರಿಗೆ ಬೇಕಾಗಿರುವುದು ಬೆಳೆ. ಕಾರ್ಖಾನೆಗೆ ಬೇಕಾಗಿರುವುದು ತೊಟ್ಟಿ ಖಾಲಿಯಾಗುವುದು. ಮಿತಿಮೀರಿ ಸುರಿದಾಗ ಲವಣಗಳೂ ಬಣ್ಣವೂ ಮಣ್ಣಿನ ಕೆಳಗೆ ಜಾರಿ ಬಾವಿ ಸೇರುತ್ತವೆ. ರಾಜ್ಯದ ಬಹುಭಾಗದಲ್ಲಿ ಮಣ್ಣಿನ ಪದರ ತೆಳ್ಳಗಿದ್ದು, ಕೆಳಗಿರುವುದು ಗಟ್ಟಿ ಬಂಡೆ. ಅದರ ಬಿರುಕಿಗೆ ಇಳಿದ ನೀರನ್ನು ಸೋಸುವವರು ಯಾರೂ ಇಲ್ಲ.

ಕಾನೂನು ಇದನ್ನು ಗಮನಿಸಿದ್ದು ತಡವಾಗಿ. 1974ರ ಜಲ ಮಾಲಿನ್ಯ ಕಾಯ್ದೆ ‘ಹೊಳೆ’ ಎಂಬ ಪದದ ವ್ಯಾಖ್ಯೆಯಲ್ಲಿ ಅಂತರ್ಜಲವನ್ನೂ ಸೇರಿಸಿತ್ತು. ಆದರೆ ಹೊಳೆ, ಬಾವಿಗಳ ಜೊತೆಗೆ ‘ನೆಲದ ಮೇಲೆ’ ಎಂಬ ಮಾತು ನಿಷೇಧದ ಕಲಮಿಗೆ ಸೇರಿದ್ದು 1988ರ ತಿದ್ದುಪಡಿಯಲ್ಲಿ. ಪರಿಸರ ಸಂರಕ್ಷಣಾ ನಿಯಮಗಳಿಗೆ 1993ರಲ್ಲಿ ಸೇರಿದ ಸಾಮಾನ್ಯ ಮಾನದಂಡಗಳ ಪ್ರಕಾರ, ಹೊಳೆಗೆ ಬಿಡುವ ನೀರಿನ ಬಿ.ಓ.ಡಿ. ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ನೀರಾವರಿಗೆ ನೆಲಕ್ಕೆ ಬಿಡುವುದಾದರೆ 100ರ ತನಕ ಆಗಬಹುದು. ಉಳಿದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ ಎಂಬ ನಂಬಿಕೆ. ಇದು ಒಪ್ಪತಕ್ಕದ್ದೇ. ವಿಚಿತ್ರವೆನಿಸುವುದು ಅದೇ ಪಟ್ಟಿಯ ಇನ್ನೊಂದು ಸಂಗತಿ. ಸೀಸ, ಪಾದರಸ, ಕ್ರೋಮಿಯಂಗಳಿಗೆ ಹೊಳೆಯ ಅಂಕಣದಲ್ಲಿ ಮಿತಿ ಇದೆ. ನೆಲದ ಅಂಕಣದಲ್ಲಿ ಬರೀ ಅಡ್ಡಗೆರೆ. ರಾಜ್ಯದ ಮಂಡಳಿ ತನ್ನ ಸಮ್ಮತಿ ಪತ್ರದಲ್ಲಿ ಇನ್ನೂ ಬಿಗಿಯಾದ ಷರತ್ತು ಹಾಕಬಹುದು ಎಂಬುದಷ್ಟೇ ಸಮಾಧಾನ.

ಅಡ್ಡಗೆರೆಯ ಬೆಲೆ ಏನೆಂದು ತಿಳಿಯಲು ಪಾಲಾರ್ ನದಿಯ ಜಾಡು ಹಿಡಿದರೆ ಸಾಕು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರದ ಮೂಲಕ ಹಾದು ತಮಿಳುನಾಡು ಸೇರುವ ಈ ನದಿಯ ಬಯಲಿನಲ್ಲಿ ಚರ್ಮ ಹದ ಮಾಡುವ ನೂರಾರು ಕಾರ್ಖಾನೆಗಳು ತಮ್ಮ ನೀರನ್ನು ಹೊಲ, ಬಯಲು, ನದಿಗೆ ಬಿಟ್ಟವು. ಚರ್ಮ ಹದ ಮಾಡಲು ಬಳಸುವುದು ಉಪ್ಪು ಮತ್ತು ಕ್ರೋಮಿಯಂ. 1996ರ ಆಗಸ್ಟಿನಲ್ಲಿ ವೆಲ್ಲೂರು ಪ್ರಕರಣದ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ತಿ ಸಾಗುವಳಿಗೆ ಬಾರದಂತಾಗಿದೆ ಎಂಬ ಸಮೀಕ್ಷೆಯನ್ನು ಉಲ್ಲೇಖಿಸಿತು, ಮಲಿನಗೊಳಿಸಿದವರೇ ತೆರಬೇಕೆಂದಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಪ್ರಕರಣದಲ್ಲೂ ಇದೇ ತತ್ತ್ವವನ್ನು ಅನ್ವಯಿಸಿತ್ತು. ಅಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ‘ಎಚ್ ಆಸಿಡ್’ ತಯಾರಿಕೆ ನಡೆದದ್ದು ಅಲ್ಪಕಾಲ. ಬಾವಿಗಳ ನೀರು ಕಪ್ಪಾಯಿತು. 37 ಕೋಟಿ ರೂಪಾಯಿಗೂ ಮಿಕ್ಕಿದ ಪರಿಹಾರವನ್ನು ಚಕ್ರಬಡ್ಡಿ ಸಹಿತ ಕಟ್ಟಬೇಕೆಂದು ಕೋರ್ಟ್ ಮತ್ತೆ ಆದೇಶಿಸಬೇಕಾದದ್ದು 2011ರಲ್ಲಿ.

ನಿಯಂತ್ರಣದ ದಾರಿಗಳು ಹೊಸದೇನಲ್ಲ. ತೊಟ್ಟಿಯ ತಳಕ್ಕೆ ನೀರು ಇಂಗದ ಹಾಸು ಬೇಕು, ಮಳೆಗಾಲದಲ್ಲಿ ಹಾಯಿಸುವುದು ನಿಲ್ಲಬೇಕು, ಎಕರೆಗೆ ಎಷ್ಟು ಎಂಬುದನ್ನು ಮಣ್ಣು ಮತ್ತು ಬೆಳೆ ನಿರ್ಧರಿಸಬೇಕು. ಡಿಸ್ಟಿಲರಿಗಳ ಮಟ್ಟಿಗೆ 2003ರಲ್ಲಿ ಕೇಂದ್ರ ಸರಕಾರ ರೂಪಿಸಿದ ಕಾರ್ಯಸೂಚಿಯ ನಂತರ, ಸ್ಪೆಂಟ್ ವಾಶ್ ಅನ್ನು ಇಂಗಿಸಿ ಗಟ್ಟಿ ಮಾಡಿ ಬಾಯ್ಲರಿನಲ್ಲಿ ಉರಿಸುವ ಕ್ರಮ ಹೆಚ್ಚಿತು.

ಎಲ್ಲಕ್ಕಿಂತ ಅಗ್ಗದ ಕ್ರಮವೊಂದಿದೆ: ವೀಕ್ಷಣಾ ಬಾವಿ. ಹೊಲದ ಮೇಲ್ಭಾಗದಲ್ಲಿ ಒಂದು, ಅಂತರ್ಜಲ ಹರಿಯುವ ಇಳಿಜಾರಿನಲ್ಲಿ ಎರಡು ಮೂರು ಕೊರೆದು ಆಗಾಗ ನೀರನ್ನು ಹೋಲಿಸಿ ನೋಡುವುದು. ಮೊದಲ ಮಾದರಿಯನ್ನು ಮಾತ್ರ ತ್ಯಾಜ್ಯ ನೀರು ಹಾಯಿಸುವ ಮುನ್ನವೇ ತೆಗೆದಿಟ್ಟಿರಬೇಕು. ಅದು ಇಲ್ಲದಿದ್ದರೆ, ಮುಂದೆ ರೈತ ದೂರು ಕೊಟ್ಟಾಗ, ‘ಈ ಬಾವಿಯ ನೀರು ಮೊದಲಿನಿಂದಲೂ ಉಪ್ಪು’ ಎನ್ನುವವರಿಗೆ ತೋರಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ.