ರೌಟರ್ ಲಿಫ್ಟ್ ಕೊಳ್ಳುವ ಯೋಚನೆಯೇ? ದುಡ್ಡು ಕೊಡುವ ಮುನ್ನ ನಿಮ್ಮ ಮೋಟರ್‌ನ ಅಳತೆ ತೆಗೆದುಕೊಳ್ಳಿ

ನವಿ ಮುಂಬೈ: ರೌಟರ್ ಎಂದ ಕೂಡಲೇ ಹಲವರಿಗೆ ನೆನಪಾಗುವುದು ಮನೆಯ ಮೂಲೆಯಲ್ಲಿ ಮಿಣುಕುವ ವೈಫೈ ಪೆಟ್ಟಿಗೆ. ಆನ್‌ಲೈನ್‌ನಲ್ಲಿ ಹುಡುಕಿದರೂ ಮೊದಲು ಬರುವುದು ಅದೇ. ಆದರೆ ಥಾಣೆ–ವಾಶಿ ಲೋಕಲ್ ಹಿಡಿದು, ಐರೋಲಿ ದಾಟಿ ರಬಾಳೆಯಲ್ಲಿ ಇಳಿದು, ಎಂಐಡಿಸಿ ಕಡೆಯ ಯಾವುದಾದರೂ ಫರ್ನಿಚರ್ ಶೆಡ್‌ನಲ್ಲಿ ಇದೇ ಪದ ಹೇಳಿ ನೋಡಿ. ಅಲ್ಲಿ ರೌಟರ್ ಎಂದರೆ ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಾ, ಪ್ಲೈವುಡ್‌ಗೆ ಗ್ರೂವ್ ಹೊಡೆದು, ಅಂಚಿಗೆ ಗೋಲಾಕಾರ ಕೊಡುವ ಯಂತ್ರ. ಈ ಸುದ್ದಿ ಆ ರೌಟರ್‌ನದ್ದು.

ಕೈಯಲ್ಲಿ ಹಿಡಿದು ಓಡಿಸುವ ಈ ಯಂತ್ರವನ್ನು ತಲೆಕೆಳಗಾಗಿ ಮೇಜಿನ ಅಡಿಗೆ ಕಟ್ಟಿ, ಬಿಟ್ ಮಾತ್ರ ಮೇಲೆ ಇಣುಕುವಂತೆ ಮಾಡಿದರೆ ಅದು ರೌಟರ್ ಟೇಬಲ್. ಆಗ ಯಂತ್ರ ಓಡಾಡುವುದಿಲ್ಲ, ಮರ ಓಡಾಡುತ್ತದೆ. ಸಣ್ಣ ಪಟ್ಟಿ, ಕಿರಿದಾದ ಬೀಡಿಂಗ್ ಇವನ್ನೆಲ್ಲ ಹೀಗೆ ಮಾಡುವುದೇ ಸಲೀಸು. ತೊಂದರೆ ಇರುವುದು ಬಿಟ್‌ನ ಎತ್ತರ ಬದಲಿಸುವಾಗ. ಪ್ರತಿ ಸಲ ಮೇಜಿನ ಕೆಳಗೆ ಬಗ್ಗಿ, ಒಂದು ಕೈಯಲ್ಲಿ ನಾಲ್ಕಾರು ಕಿಲೋ ತೂಗುವ ಮೋಟರ್ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲಾಕ್ ಬಿಗಿಯಬೇಕು. ಬಿಗಿಯುವಷ್ಟರಲ್ಲಿ ಅರ್ಧ ಮಿಲಿಮೀಟರ್ ಜಾರಿರುತ್ತದೆ. ಮೇಲಿನಿಂದಲೇ ಹ್ಯಾಂಡಲ್ ತಿರುಗಿಸಿ ಮೋಟರ್ ಏರಿಸುವ, ಇಳಿಸುವ ಸಾಧನವೇ ರೌಟರ್ ಲಿಫ್ಟ್.

ಅರ್ಧ ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಚೌಕಟ್ಟು ಮತ್ತು ನಡುವೆ ಪ್ಯಾನಲ್ ಇರುವ ಅಡುಗೆಮನೆ ಶಟರ್‌ನಲ್ಲಿ ಅಡ್ಡಪಟ್ಟಿಗೊಂದು ಬಿಟ್, ಉದ್ದಪಟ್ಟಿಗೊಂದು ಬಿಟ್. ಎರಡರ ಎತ್ತರ ಹೊಂದದಿದ್ದರೆ ಜೋಡಿಸಿದ ಮೇಲೆ ಕೀಲಿನಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ಹನ್ನೆರಡು ಶಟರ್ ಇದ್ದರೆ ಹನ್ನೆರಡರಲ್ಲೂ ಕಾಣುತ್ತದೆ. ಪಾಲಿಶ್ ಮಾಡಿದ ಮೇಲಂತೂ ಗ್ರಾಹಕರ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ.

ಎಲ್ಲರಿಗೂ ಬೇಕೇ?

ಬೇಡ. ಡೊಂಬಿವಿಲಿ, ಕಲ್ಯಾಣದ ಫ್ಲಾಟ್‌ಗಳಿಗೆ ಹೋಗಿ ಅಲ್ಲಿಯೇ ಕೆಲಸ ಮಾಡಿಕೊಡುವವರಿಗೆ ಒಂದು ಟ್ರಿಮ್ಮರ್, ಒಂದೆರಡು ಜಿಗ್ ಸಾಕು. ಲಿಫ್ಟ್‌ಗೆ ಹಾಕಿದ ದುಡ್ಡು ಹಿಂದಿರುಗುವುದು ಸ್ವಂತ ಶೆಡ್ಡು, ಕದಲದ ಮೇಜು, ದಿನಕ್ಕೆ ನಾಲ್ಕಾರು ಬಾರಿ ಎತ್ತರ ಬದಲಿಸುವ ಕೆಲಸ ಇರುವವರಿಗೆ ಮಾತ್ರ. ಒಂದೇ ಅಳತೆಯ ಗ್ರೂವ್ ದಿನವಿಡೀ ಹೊಡೆಯುವವರಿಗೂ ಅದರ ಅಗತ್ಯ ಕಡಿಮೆ.

ಹೆಚ್ಚಿನವರು ಎಡವುವುದು ಇಲ್ಲೇ

ಯೂಟ್ಯೂಬ್‌ನಲ್ಲಿ ಕಾಣುವ ಬಹುತೇಕ ಲಿಫ್ಟ್‌ಗಳು ಉತ್ತರ ಅಮೆರಿಕದವು. ಜೆಸ್‌ಎಮ್, ವುಡ್‌ಪೆಕರ್ಸ್, ಕ್ರೆಗ್, ಇಂಕ್ರಾ ಇವೆಲ್ಲ ಅಲ್ಲಿನ ಹೆಸರುಗಳು. ಗುಣಮಟ್ಟದ ಬಗ್ಗೆ ತಕರಾರಿಲ್ಲ. ಆದರೆ ಅವು ಹಿಡಿದುಕೊಳ್ಳುವುದು ಬೇಸ್‌ನಿಂದ ಪೂರ್ತಿ ಹೊರತೆಗೆಯಬಹುದಾದ, ನೇರ ಕೊಳವೆಯಂತಿರುವ ಮೋಟರ್‌ಗಳನ್ನು. ಅಲ್ಲಿ ಚಾಲ್ತಿಯಲ್ಲಿರುವ ಬಾಷ್ 1617 ಮೋಟರ್‌ನ ವ್ಯಾಸ ಮೂರೂವರೆ ಇಂಚು, ಪೋರ್ಟರ್ ಕೇಬಲ್ 7518ರದ್ದು 4.2 ಇಂಚು. ಲಿಫ್ಟ್‌ನ ಹಿಡಿತವೂ ಇದೇ ಅಳತೆಗಳ ಸುತ್ತ.

ನಮ್ಮಲ್ಲಿ ಬಡಗಿಗಳ ಕೈಯಲ್ಲಿರುವ ದೊಡ್ಡ ರೌಟರ್‌ಗಳು ಹೆಚ್ಚಾಗಿ ಪ್ಲಂಜ್ ಮಾದರಿಯವು. 1300 ವ್ಯಾಟ್‌ನ ಬಾಷ್ ಜಿಒಎಫ್ 130, ಅರ್ಧ ಇಂಚಿನ ಬಿಟ್ ಹಿಡಿಯುವ ಮಕಿಟಾ 3612 ಇದಕ್ಕೆ ಉದಾಹರಣೆ. ಇವುಗಳಲ್ಲಿ ಮೋಟರ್ ಎರಡು ಕಂಬಗಳ ಮೇಲೆ ಸ್ಪ್ರಿಂಗ್ ಸಮೇತ ಕೂತಿರುತ್ತದೆ. ಬೇಸ್‌ನಿಂದ ಬಿಚ್ಚಿ ತೆಗೆಯಲು ಬರುವುದಿಲ್ಲ, ಮೈಯೂ ನೇರ ಕೊಳವೆಯಲ್ಲ. ಹಾಗಾಗಿ ಸಾಗಣೆ, ಸುಂಕ ಎಲ್ಲ ಕೊಟ್ಟು ಅಮೆರಿಕದ ಲಿಫ್ಟ್ ತರಿಸಿದವರು ಪಾರ್ಸೆಲ್ ಬಿಚ್ಚಿದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಅಲ್ಲಿಯೇ 300–400 ಡಾಲರ್ ಆಸುಪಾಸಿನ ವಸ್ತು ಅದು.

ಹಾಗಿದ್ದರೆ ಮೋಟರನ್ನೂ ಅಲ್ಲಿಂದಲೇ ತರಿಸಬಹುದಲ್ಲ? ಅದು 120 ವೋಲ್ಟ್‌ನದ್ದು, ನಮ್ಮ ಪ್ಲಗ್‌ನಲ್ಲಿ ಬರುವುದು 230 ವೋಲ್ಟ್. ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. 15 ಆಂಪಿಯರ್ ಎಳೆಯುವ ಮೋಟರ್ ಎಂದರೆ 1800 ವ್ಯಾಟ್. ಅದಕ್ಕೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಎರಡೂವರೆ–ಮೂರು ಕೆವಿಎ ಇರಬೇಕು. ಅದೇ ಒಂದು ಭಾರದ ಪೆಟ್ಟಿಗೆ. ಮುಂದೆ ಕಾರ್ಬನ್ ಬ್ರಷ್ ಸವೆದರೆ, ಬೇರಿಂಗ್ ಹೋದರೆ ಬಿಡಿಭಾಗಕ್ಕೂ ಅಲೆದಾಟ. ಹವ್ಯಾಸಿಗಳಿಗೆ ಸರಿ, ಆರ್ಡರ್ ಹಿಡಿದು ದುಡಿಯುವ ಶೆಡ್‌ಗೆ ಈ ದಾರಿ ಬೇಡ ಎನ್ನುವುದೇ ಮೇಲು.

ಹಾಗಾದರೆ ನಮ್ಮ ಮುಂದಿರುವ ದಾರಿಗಳೇನು?

ಮೊದಲನೆಯದು 65 ಮಿಲಿಮೀಟರ್ ಮೋಟರ್‌ನ ಸಣ್ಣ ಲಿಫ್ಟ್. ಟ್ರಿಮ್ಮರ್ ಎಂದು ಕರೆಯುವ ಸಣ್ಣ ರೌಟರ್‌ಗಳಲ್ಲಿ ಹಲವದರ ಮೋಟರ್ ನೇರ ಕೊಳವೆಯೇ, ವ್ಯಾಸ 65ರ ಆಸುಪಾಸು. 710 ವ್ಯಾಟ್‌ನ ಮಕಿಟಾ ಆರ್‌ಟಿ0700ಸಿ ಇಂಥದ್ದು. ಇವಕ್ಕೆ ಹೊಂದುವ ಚೀನಾ ತಯಾರಿಕೆಯ ಅಲ್ಯುಮಿನಿಯಂ ಲಿಫ್ಟ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಬೆಲೆಯೂ ಅಮೆರಿಕದ್ದಕ್ಕಿಂತ ತೀರಾ ಕಡಿಮೆ. ಮಿತಿ ಏನೆಂದರೆ ಟ್ರಿಮ್ಮರ್ ಹಿಡಿಯುವುದು ಸಣ್ಣ ದಂಟಿನ ಬಿಟ್ ಮಾತ್ರ. ಮುಂಬೈ ಬಡಗಿಗಳ ಲೆಕ್ಕದಲ್ಲಿ ಎರಡು ಸೂತ್, ಅಂದರೆ ಕಾಲು ಇಂಚು. ನಮ್ಮೂರ ಕಡೆ ಇದನ್ನೇ ಎರಡು ನೂಲು ಎನ್ನುತ್ತಾರೆ. ಆರು ಮಿಲಿಮೀಟರ್ ಗ್ರೂವ್, ಲ್ಯಾಮಿನೇಟ್ ಅಂಚು, ಸಣ್ಣ ಗೋಲಾ, ಇಷ್ಟಕ್ಕೆ ಇದು ಧಾರಾಳ. ನಾಲ್ಕು ಸೂತ್ ದಂಟಿನ ಶಟರ್ ಬಿಟ್‌ಗಳನ್ನು ಇದರಲ್ಲಿ ಹಾಕಲು ಬರುವುದಿಲ್ಲ, ಹಾಕುವ ಉಪಾಯ ಹುಡುಕಲೂ ಹೋಗಬಾರದು.

ಎರಡನೆಯದು ಟೇಬಲ್‌ಗೆಂದೇ ಯೋಚಿಸಿ ಮಾಡಿದ ರೌಟರ್. ಟ್ರೈಟನ್ ಟಿಆರ್‌ಎ001 ಇದರಲ್ಲಿ ಹೆಸರುವಾಸಿ. ಇದರ 230 ವೋಲ್ಟ್ ಮಾದರಿ 2400 ವ್ಯಾಟ್‌ನದ್ದು, ವೇಗವನ್ನು ನಿಮಿಷಕ್ಕೆ 8000ದಿಂದ 21000 ಸುತ್ತಿನವರೆಗೆ ಹೊಂದಿಸಬಹುದು. ಮೇಜಿನ ಮೇಲಿನಿಂದ ತಿರುಗಿಸುವ ಹ್ಯಾಂಡಲ್ ಇದರ ಜೊತೆಗೇ ಇರುವುದರಿಂದ ಪ್ರತ್ಯೇಕ ಲಿಫ್ಟ್ ಬೇಕಿಲ್ಲ. ಹೊಸದಾಗಿ ಯಂತ್ರವನ್ನೇ ಕೊಳ್ಳುವವರು ಲಿಫ್ಟ್ ಹುಡುಕುವ ಬದಲು ಇಂಥ ರೌಟರ್ ಸಿಗುತ್ತದೆಯೇ, ರಿಪೇರಿ ಎಲ್ಲಿ ಎಂದು ಮೊದಲು ವಿಚಾರಿಸುವುದು ಜಾಣತನ.

ಮೂರನೆಯದು ಶುದ್ಧ ನಮ್ಮ ದಾರಿ: ಇರುವ ಪ್ಲಂಜ್ ರೌಟರ್ ಕೆಳಗೆ ಕಾರಿನ ಕತ್ತರಿ ಜ್ಯಾಕ್. ನೋಡಿದರೆ ನಗು ಬರಬಹುದು, ಆದರೆ ಕೆಲಸ ಮಾಡುತ್ತದೆ. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ರೌಟರ್ ತಲೆಕೆಳಗಾದಾಗ ಅದರ ಸ್ಪ್ರಿಂಗ್ ಮೋಟರನ್ನು ಕೆಳಕ್ಕೇ ತಳ್ಳುತ್ತಿರುತ್ತದೆ. ಜ್ಯಾಕ್ ಎತ್ತಬೇಕಾದದ್ದು ಮೋಟರ್‌ನ ತೂಕದ ಜೊತೆಗೆ ಆ ಒತ್ತಡವನ್ನೂ. ಅದಕ್ಕೇ ಹಲವರು ಸ್ಪ್ರಿಂಗ್ ತೆಗೆದುಬಿಡುತ್ತಾರೆ. ತೆಗೆಯುವಾಗ ಅದು ಚಿಮ್ಮಿ ಮುಖಕ್ಕೆ ಬಡಿಯುವ ಅಪಾಯವಿದೆ, ವಾರಂಟಿಗೂ ಕುತ್ತು ಬರಬಹುದು. ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಲಿಫ್ಟ್ ಕೈಗೆ ಸಿಕ್ಕಾಗ ಏನು ನೋಡಬೇಕು?

ಪ್ಲೇಟ್ ಸಮತಟ್ಟಾಗಿದೆಯೇ ಎನ್ನುವುದು ಎಲ್ಲಕ್ಕಿಂತ ಮುಖ್ಯ. ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ. ನಡುವೆ ಬೆಳಕು ಕಂಡರೆ ಪ್ಲೇಟ್ ತಗ್ಗಾಗಿದೆ ಎಂದರ್ಥ. ತಗ್ಗಿನಲ್ಲಿ ಮರ ಬಿಟ್‌ಗೆ ಸರಿಯಾಗಿ ತಾಗದೆ ಗ್ರೂವ್‌ನ ಆಳ ತಪ್ಪುತ್ತದೆ. ಕೂದಲೆಳೆಯಷ್ಟು ಉಬ್ಬಿದ್ದರೆ ನಡೆಯುತ್ತದೆ, ತಗ್ಗು ಬೇಡವೇ ಬೇಡ.

ನಂತರ ಸ್ಕ್ರೂ. ಒಂದು ಸುತ್ತಿಗೆ ಎಷ್ಟು ಏರುತ್ತದೆ ಎಂದು ಅಳೆದುಕೊಳ್ಳಿ. ಸುತ್ತಿಗೆ ಒಂದೂವರೆ ಮಿಲಿಮೀಟರ್ ಇದ್ದರೆ ಕಾಲು ಸುತ್ತಿಗೆ 0.37ರಷ್ಟಾಯಿತು. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಅಂದರೆ ಹ್ಯಾಂಡಲನ್ನು ತುಸುವೇ ತಿರುಗಿಸಿ ಹಾಳೆಯಷ್ಟು ಸೂಕ್ಷ್ಮವಾಗಿ ಹೊಂದಿಸಬಹುದು. ಆದರೆ ಯಾವ ಸ್ಕ್ರೂವಿನಲ್ಲೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಇಳಿಸುತ್ತಾ ಬಂದು ಅಳತೆಗೆ ನಿಲ್ಲಿಸಿದರೆ, ಕೆಲಸದ ನಡುಕಕ್ಕೆ ಮೋಟರ್ ಇನ್ನಷ್ಟು ಕೆಳಗೆ ಕೂರಬಹುದು. ಅದಕ್ಕೇ ಬೇಕಾದ ಅಳತೆಗಿಂತ ತುಸು ಕೆಳಗಿಳಿಸಿ, ಕೊನೆಯ ತಿರುವು ಯಾವಾಗಲೂ ಮೇಲ್ಮುಖವಾಗಿರುವಂತೆ ನೋಡಿಕೊಳ್ಳಬೇಕು. ಎತ್ತರಕ್ಕೆ ಪ್ರತ್ಯೇಕ ಲಾಕ್ ಇಲ್ಲದ ಲಿಫ್ಟನ್ನು ನಾನಾದರೆ ಕೊಳ್ಳುವುದಿಲ್ಲ.

ಮೋಟರ್ ಪೂರ್ತಿ ಏರಿದಾಗ ಕಾಲೆಟ್ ಪ್ಲೇಟ್‌ನ ಮೇಲೆ ಬರುತ್ತದೆಯೇ ಎಂದೂ ಕೇಳಿ. ಬರದಿದ್ದರೆ ಬಿಟ್ ಬದಲಿಸಲು ಮತ್ತೆ ಮೇಜಿನ ಕೆಳಗೇ ತೂರಬೇಕು. ಲಿಫ್ಟ್ ಕೊಂಡ ಅರ್ಧ ಸುಖ ಅಲ್ಲೇ ಹೋಯಿತು.

ಪ್ಲೇಟ್ ಗಾತ್ರದ ಬಗ್ಗೆ ಒಂದು ಮಾತು. ಅಮೆರಿಕದ ಲಿಫ್ಟ್‌ಗಳಲ್ಲಿ ಹೆಚ್ಚು ಕಾಣುವುದು 235 × 298 ಮಿಲಿಮೀಟರ್, ಚೀನಾದವು ತಯಾರಕರಿಗೊಂದು ಅಳತೆ. ಹಾಗಾಗಿ ಪ್ಲೇಟ್ ಕೈಗೆ ಬಂದ ಮೇಲಷ್ಟೇ ಮೇಜಿಗೆ ಕಿಂಡಿ ಕೊರೆಯಿರಿ. ರಬಾಳೆಯಂಥ ಕೈಗಾರಿಕಾ ಪ್ರದೇಶದಲ್ಲಿರುವವರಿಗೆ ಒಂದು ಅನುಕೂಲವೂ ಇದೆ: ಮಷೀನಿಂಗ್ ಜಾಬ್ ವರ್ಕ್ ಮಾಡುವವರಿಗೆ ಡ್ರಾಯಿಂಗ್ ಕೊಟ್ಟರೆ ಬೇಕಾದ ಅಳತೆಯ ಅಲ್ಯುಮಿನಿಯಂ ಪ್ಲೇಟ್ ಮಾಡಿಸಿಕೊಳ್ಳಬಹುದು.

ಥಾಣೆ ಖಾರಿಯ ಪಕ್ಕದ ಹವೆಯನ್ನೂ ಮರೆಯುವಂತಿಲ್ಲ. ಮಳೆಗಾಲದಲ್ಲಿ ಬೀಡು ಕಬ್ಬಿಣದ ಮೇಜು ಬೇಗ ತುಕ್ಕು ಹಿಡಿಯುತ್ತದೆ, ಬರೀ ಎಂಡಿಎಫ್ ಮೇಜು ಉಬ್ಬುತ್ತದೆ. ಎರಡೂ ಬದಿ ಲ್ಯಾಮಿನೇಟ್ ಅಂಟಿಸಿದ ಎರಡು ಪದರ 18 ಮಿಲಿಮೀಟರ್ ಪ್ಲೈ, ಅದರಲ್ಲಿ ಆನೊಡೈಸ್ ಮಾಡಿದ ಅಲ್ಯುಮಿನಿಯಂ ಪ್ಲೇಟ್ ಇಲ್ಲಿಗೆ ಒಗ್ಗುತ್ತದೆ. ಲಿಫ್ಟ್‌ನ ಸ್ಕ್ರೂಗೆ ಎಣ್ಣೆ ಬಿಡಬೇಡಿ. ಹೊಟ್ಟು ಮೆತ್ತಿಕೊಂಡು ವಾರದಲ್ಲೇ ಗಟ್ಟಿಯಾಗುತ್ತದೆ. ಮೇಣ ಅಥವಾ ಒಣ ಲೂಬ್ರಿಕೆಂಟ್ ಸಾಕು.

ಬೆರಳಿನ ಪ್ರಶ್ನೆ

ಲಿಫ್ಟ್ ಬಂದ ಮೇಲೆ ದೊಡ್ಡ ಬಿಟ್ ಹಾಕುವ ಆಸೆ ಸಹಜವಾಗಿ ಬರುತ್ತದೆ. 80 ಮಿಲಿಮೀಟರ್ ವ್ಯಾಸದ ಪ್ಯಾನಲ್ ಬಿಟ್ ನಿಮಿಷಕ್ಕೆ 22000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 330 ಕಿಲೋಮೀಟರ್ ದಾಟುತ್ತದೆ. ಇಂಥ ಬಿಟ್‌ಗೆ 12000 ಸುತ್ತು ಮಿತಿ ಎನ್ನುವುದು ಸಾಮಾನ್ಯ ಲೆಕ್ಕ, ಬಿಟ್‌ನ ಮೇಲೆ ಬರೆದಿರುವುದೇ ಅಂತಿಮ. ವೇಗ ಇಳಿಸುವ ಡಯಲ್ ಇಲ್ಲದ ರೌಟರ್‌ಗೆ ದೊಡ್ಡ ಬಿಟ್ ಹಾಕಲೇಬಾರದು, ಲಿಫ್ಟ್ ಎಷ್ಟೇ ಒಳ್ಳೆಯದಿರಲಿ.

ಟೇಬಲ್‌ನಲ್ಲಿ ಬಿಟ್ ತಲೆಕೆಳಗಾಗಿ ತಿರುಗುವುದರಿಂದ ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಎಡದಿಂದ ಬಲಕ್ಕೆ ತಳ್ಳಿದರೆ ಬಿಟ್ ಮರವನ್ನು ಸೆಳೆದುಕೊಂಡು ಎಸೆಯುತ್ತದೆ, ಹಿಂದೆಯೇ ಕೈಯೂ ಹೋಗುತ್ತದೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಚಾಲೂ ಆಗದ ಎನ್‌ವಿಆರ್ ಸ್ವಿಚ್ಚನ್ನು ಮೇಜಿನ ಮುಂಭಾಗಕ್ಕೆ ಹಾಕಿಸಿ. ಲಿಫ್ಟ್‌ನ ಬೆಲೆಗೆ ಹೋಲಿಸಿದರೆ ಅದರ ಖರ್ಚು ಅಲ್ಪ. ಎತ್ತರ ಬದಲಿಸುವಾಗಲೂ, ಬಿಟ್ ಬದಲಿಸುವಾಗಲೂ ಪ್ಲಗ್ ಕಿತ್ತಿರಬೇಕು.

ಧೂಳಿಗೂ ಜಾಗ ಯೋಚಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಮೇಜಿನ ಕೆಳಗೆ ಮೋಟರ್ ಸುತ್ತ ಪೆಟ್ಟಿಗೆ ಕಟ್ಟಿ ವ್ಯಾಕ್ಯೂಮ್ ಜೋಡಿಸುವವರು ಮೋಟರ್‌ಗೆ ಗಾಳಿ ಹೋಗುವ ಕಿಂಡಿ ಬಿಡುವುದನ್ನು ಮರೆಯಬಾರದು.

ಯಂತ್ರದ ಕೆಲಸವನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸ ತರಬೇತಿ ಕೇಂದ್ರವಿದೆ. ಇನ್ನು ಖರೀದಿಗೆ ಮುಂಬೈನಲ್ಲಿ ಮಸೀದ್ ಬಂದರ್ ಬಳಿಯ ನಾಗದೇವಿ ಸ್ಟ್ರೀಟ್, ಬೆಂಗಳೂರಿನಲ್ಲಿ ಎಸ್‌ಜೆಪಿ ರಸ್ತೆ ಇದ್ದೇ ಇವೆ. ಹೋಗುವಾಗ ರೌಟರನ್ನೇ ಚೀಲದಲ್ಲಿ ಹಾಕಿಕೊಂಡು ಹೋದರೆ ಒಳ್ಳೆಯದು. ಆಗದಿದ್ದರೆ ವರ್ನಿಯರ್‌ನಲ್ಲಿ ಮೋಟರ್‌ನ ವ್ಯಾಸವನ್ನು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆದು, ಬೇಸ್‌ನ ಸ್ಕ್ರೂ ತೂತುಗಳ ನಡುವಿನ ಅಂತರದೊಂದಿಗೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ವಾಪಸ್ ಕೊಡಲು ಎಷ್ಟು ದಿನ ಅವಕಾಶವಿದೆ ಎಂದು ನೋಡಿ, ಅಷ್ಟರೊಳಗೆ ಮೋಟರ್ ಕೂರಿಸಿ ಪರೀಕ್ಷಿಸಿ.